ಎಲ್ಲರಿಗೂ ಹಿಡಿಸಿದ ಆಲ್ಬಂ ನನಗೆ ಹಿಡಿಸಲಿಲ್ಲ, ಹೇಳೋದು ಹೇಗೆ?

ಪ್ರಶ್ನೆ: ನಾವು ಆರು ಜನ ಕಾಲೇಜು ಗೆಳೆಯರು. ಈಗ ಒಬ್ಬ ಡಬ್ಲಿನ್‌ನಲ್ಲಿದ್ದಾನೆ, ಒಬ್ಬಳು ಟೊರೊಂಟೊದಲ್ಲಿ, ಉಳಿದವರು ಬೆಂಗಳೂರು, ಹುಬ್ಬಳ್ಳಿ ಕಡೆ. ತಿಂಗಳಿಗೊಂದು ಇಂಡೀ ರಾಕ್ (ದೊಡ್ಡ ಕಂಪನಿಗಳ ಹಂಗಿಲ್ಲದೆ ಬೆಳೆದ ರಾಕ್ ಸಂಗೀತ) ಆಲ್ಬಂ ಆರಿಸಿಕೊಂಡು ಕೇಳುತ್ತೇವೆ, ಭಾನುವಾರ ಸಂಜೆ ವಿಡಿಯೊ ಕಾಲ್‌ನಲ್ಲಿ ಅದರ ಬಗ್ಗೆ ಮಾತಾಡುತ್ತೇವೆ. ಹೋದ ಸಲ ಗೀಸ್ ಬ್ಯಾಂಡಿನ 'ಗೆಟಿಂಗ್ ಕಿಲ್ಡ್'. ಐದೂ ಜನ ಹಾಡಿ ಹೊಗಳಿದರು. ನಾನು 'ಆ ಹಾಡುವವನ ದನಿ ಸಹಿಸೋಕಾಗಲ್ಲ' ಎಂದೆ. 'ನಿಂಗೆ ಅರ್ಥ ಆಗಿಲ್ಲ ಬಿಡೋ' ಎಂದರು. ಆಮೇಲೆ ನಾನು ಬಾಯಿ ಬಿಡಲಿಲ್ಲ. ನನಗೆ ಗಿಟಾರ್ ಬರಲ್ಲ, ಸ್ವರ ತಾಳದ ಗಂಧ ಇಲ್ಲ. ವಿಮರ್ಶೆ ಓದಿಕೊಂಡು ಹೋದರೆ ಯಾವುದು ನನ್ನ ಮಾತು, ಯಾವುದು ಅವರದು ಅಂತ ನನಗೇ ತಿಳಿಯೋದಿಲ್ಲ. ನನ್ನಂಥವರು ಅಭಿಪ್ರಾಯ ಹೇಳೋದು ಹೇಗೆ? ಮುಂದಿನ ತಿಂಗಳುಗಳಿಗೆ ಯಾವ ಆಲ್ಬಂ ಆರಿಸಿದರೆ ಮಾತು ಚೆನ್ನಾಗಿ ನಡೆಯುತ್ತೆ?

ಉತ್ತರ: ಆ ದನಿ ಸಹಿಸೋಕಾಗಲ್ಲ ಅಂದವರು ನೀವೊಬ್ಬರೇ ಅಲ್ಲ, ಧೈರ್ಯವಾಗಿರಿ. 2025ರ ಸೆಪ್ಟೆಂಬರ್ ಕೊನೆಗೆ ಆ ಆಲ್ಬಂ ಬಂದ ವಾರ ನಾನು ಅದನ್ನು ಮನೆಯ ದೊಡ್ಡ ಸ್ಪೀಕರಿನಲ್ಲಿ ಹಾಕಿದ್ದೆ. ಮೊದಲ ಹಾಡು 'ಟ್ರಿನಿಡಾಡ್'. ನಿದ್ದೆಗಣ್ಣಿನಲ್ಲಿ ನಡೆಯುವವನ ಹಾಗೆ ಹೋಗುತ್ತಿದ್ದ ಹಾಡು, ಇದ್ದಕ್ಕಿದ್ದ ಹಾಗೆ ಗಾಯಕ ಕ್ಯಾಮರಾನ್ ವಿಂಟರ್ ತನ್ನ ಕಾರಿನಲ್ಲಿ ಬಾಂಬ್ ಇದೆ ಎಂದು ಅರಚಿಕೊಳ್ಳುತ್ತಾನೆ. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ಓಡಿ ಬಂದು 'ಏನಾಯ್ತ್ರೀ?' ಎಂದಳು. ಅವಳ ಮಟ್ಟಿಗೆ ಆಲ್ಬಂ ಅಲ್ಲಿಗೇ ಮುಗಿಯಿತು. ಅದೂ ಒಂದು ಅಭಿಪ್ರಾಯವೇ, ಕೆಟ್ಟ ಅಭಿಪ್ರಾಯವೇನಲ್ಲ. ಎಲ್ಲಿ ಬೇಡವಾಯಿತು ಅನ್ನುವುದು ನಮ್ಮಿಬ್ಬರಿಗೂ ಸ್ಪಷ್ಟವಾಗಿ ಗೊತ್ತಿತ್ತು.

ನಿಮ್ಮ ಮಾತಿನಲ್ಲಿ ಇಲ್ಲದಿದ್ದದ್ದು ಆ 'ಎಲ್ಲಿ' ಒಂದೇ.

ನಾನು 22 ವರ್ಷದಿಂದ ಲೈವ್ ಕಾರ್ಯಕ್ರಮಗಳಿಗೆ ಸೌಂಡ್ ಮಾಡುವವನು. ಸೌಂಡ್ ಚೆಕ್ ಹೊತ್ತಿಗೆ ಸ್ಟೇಜ್ ಮೇಲಿಂದ ಯಾರಾದರೂ 'ಸೌಂಡ್ ಸರಿಯಿಲ್ಲ ಸರ್' ಅಂದರೆ ನನಗೆ ಏನೂ ಮಾಡೋಕಾಗಲ್ಲ. ಮಿಕ್ಸರ್ ಮೇಲೆ ಸದ್ದು ಏರಿಳಿಸುವ 32 ಫೇಡರ್ ಇರುತ್ತವೆ, ಯಾವುದನ್ನು ಮುಟ್ಟಲಿ? ಅದೇ ಮನುಷ್ಯ 'ಎರಡನೇ ಚರಣಕ್ಕೆ ಬಂದಾಗ ಬೇಸ್ ನನ್ನ ಗಿಟಾರನ್ನು ನುಂಗ್ತಾ ಇದೆ' ಅಂದರೆ ಕೈ ತಾನಾಗೇ ಹೋಗುತ್ತದೆ. ಅಂಥ ಮಾತನ್ನು ಎಷ್ಟೋ ಸಲ ಹೇಳಿದ್ದು ವಾದ್ಯ ನುಡಿಸುವವರಲ್ಲ. ಚಹಾ ತಂದುಕೊಡುವ ಹುಡುಗ, ಲೈಟ್ ಕಟ್ಟುವವರು, ಗಾಯಕಿಯ ಅಮ್ಮ. 'ಅವಳು ಮೆತ್ತಗೆ ಹಾಡೋವಾಗ ಏನೂ ಕೇಳ್ಸಲ್ಲ ಕಣಪ್ಪ' ಎಂದು ಒಬ್ಬ ತಾಯಿ ಹೇಳಿದ್ದು ಆ ದಿನ ನನಗೆ ಸಿಕ್ಕ ಅತ್ಯಂತ ಉಪಯೋಗದ ಮಾತಾಗಿತ್ತು. ಸ್ವರ ತಾಳ ಗೊತ್ತಿದ್ದರೆ ಒಳ್ಳೆಯದೇ. ಆದರೆ ಕಿವಿ ಕೆಲಸ ಮಾಡುವುದಕ್ಕೆ ಅದು ಬೇಕಾಗಿಲ್ಲ.

ಈಗ ನಿಮ್ಮ ಗೀಸ್ ವಿಷಯಕ್ಕೇ ಬರೋಣ. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಹುಡುಗರ ಬ್ಯಾಂಡ್ ಇದು, ಶಾಲೆಯಲ್ಲಿದ್ದಾಗಲೇ ಕಟ್ಟಿದ್ದು. ಹುಡುಗರು ಅಂದೆ, ಗಿಟಾರ್ ನುಡಿಸುವ ಎಮಿಲಿ ಗ್ರೀನ್ ಕೂಡ ಇದ್ದಾಳೆ. 'ಗೆಟಿಂಗ್ ಕಿಲ್ಡ್' ಪ್ರೊಡ್ಯೂಸ್ ಮಾಡಿದ (ಅಂದರೆ ರೆಕಾರ್ಡಿಂಗ್ ಹೇಗಿರಬೇಕು ಎಂದು ನೋಡಿಕೊಂಡ) ಕೆನ್ನೆತ್ ಬ್ಲೂಮ್ ಮೊದಲು ಹೆಸರು ಮಾಡಿದ್ದು ಕೆನ್ನಿ ಬೀಟ್ಸ್ ಎಂದು, ಹಿಪ್‌ಹಾಪ್‌ನಲ್ಲಿ. ಅದು ಡ್ರಮ್ಸ್‌ನಲ್ಲಿ ಗೊತ್ತಾಗುತ್ತದೆ. ರಾಕ್ ಆಲ್ಬಂಗಳಲ್ಲಿ ಸಾಮಾನ್ಯವಾಗಿ ಗಿಟಾರ್ ಗೋಡೆ ಕಟ್ಟಿದರೆ ಡ್ರಮ್ಸ್ ಅದರ ಹಿಂದೆ ಇರುತ್ತದೆ. ಇಲ್ಲಿ ಮ್ಯಾಕ್ಸ್ ಬ್ಯಾಸಿನ್‌ನ ಡ್ರಮ್ಸ್ ನಿಮ್ಮ ಮೂಗಿನ ಮುಂದೆ, ಗಿಟಾರ್ ಅಲ್ಲೊಂದು ಇಲ್ಲೊಂದು ಚೂರು.

ಇದರಲ್ಲಿ 'ಟ್ಯಾಕ್ಸಸ್' ಎಂಬ ಹಾಡು ತೆಗೆದುಕೊಳ್ಳಿ. ಮೂರು ನಿಮಿಷ ಚಿಲ್ಲರೆ, ಅಷ್ಟೇ. ಮೊದಲ ಅರ್ಧದಲ್ಲಿ ಬರೀ ತಾಳವಾದ್ಯ ಮತ್ತು ದನಿ. ದನಿ ಹೇಗಿದೆ? ಮಾತನ್ನು ಬಾಯಲ್ಲೇ ಹೊರಳಿಸುತ್ತಾ, ಪದದ ಕೊನೆಯನ್ನು ಎಳೆದು ಎಳೆದು ಬಿಡುತ್ತಾ, ಶ್ರುತಿಯ ಹತ್ತಿರ ಹೋಗಿ ಕೂರದೆ ವಾಪಸ್ ಬರುತ್ತಾ. ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡು ಮಾತಾಡುವ ಹಿರಿಯರನ್ನು ನೋಡಿದ್ದೀರಲ್ಲ, ಆ ಥರ. ತೆರಿಗೆ ಕಟ್ಟಬೇಕಾದರೆ ನನ್ನನ್ನು ಶಿಲುಬೆಗೆ ಹೊಡೆಯಿರಿ ಅನ್ನುವ ಅರ್ಥದ ಮಾತು ಬರುತ್ತದೆ, ಅಷ್ಟರಲ್ಲಿ ಅರ್ಧ ದಾರಿಯಲ್ಲಿ ಗಿಟಾರುಗಳು ಝಣಝಣ ಎಂದು ಒಮ್ಮೆಲೇ ನುಗ್ಗುತ್ತವೆ. ಕತ್ತಲೆ ಕೋಣೆಯಲ್ಲಿ ಯಾರೋ ಎಲ್ಲ ಸ್ವಿಚ್ಚುಗಳನ್ನೂ ಒಟ್ಟಿಗೆ ಒತ್ತಿದ ಹಾಗೆ. ಅಲ್ಲಿಂದ ಮುಂದೆ ಅದೇ ದನಿ ಬೇರೆ ಥರ ಕೇಳಿಸುತ್ತದೆ. ನನಗಂತೂ ಮೊದಲ ಅರ್ಧದ ಆ ಗೊಣಗಾಟ ಇಲ್ಲದಿದ್ದರೆ ಎರಡನೇ ಅರ್ಧಕ್ಕೆ ಅಷ್ಟು ಬೆಲೆ ಬರುತ್ತಿರಲಿಲ್ಲ ಅನ್ನಿಸುತ್ತದೆ.

ನೀವು ಇದನ್ನು ಒಪ್ಪಬೇಕಾಗಿಲ್ಲ. 'ಗಿಟಾರ್ ಬಂದ ಮೇಲೂ ಆ ದನಿ ನನಗೆ ಹತ್ತಿರ ಆಗಲಿಲ್ಲ, ಅವನು ಮಾತು ನುಂಗುವುದು ಬೇಕು ಬೇಕೆಂದೇ ಮಾಡಿದ ನಾಟಕದ ಹಾಗಿತ್ತು' ಎನ್ನಿ. ಅದು ಗಟ್ಟಿ ಮಾತು. ಅದಕ್ಕೆ 'ಅರ್ಥ ಆಗಿಲ್ಲ ಬಿಡೋ' ಎಂದು ಹೇಳಿ ತಪ್ಪಿಸಿಕೊಳ್ಳೋಕೆ ಆಗುವುದಿಲ್ಲ. ಎದುರಿನವರು ಹಾಡಿನ ಆ ಜಾಗಕ್ಕೇ ಬಂದು ಉತ್ತರ ಕೊಡಬೇಕಾಗುತ್ತದೆ. ಸಿ. ಅಶ್ವತ್ಥ್ ಅವರ ಭಾವಗೀತೆ ಕೇಳಿ ಬೆಳೆದ ನಮಗೆ ಇದು ಹೊಸದೂ ಅಲ್ಲ. ಗಂಟಲು ಬಿಟ್ಟು ಹಾಡುವುದರ ಲೆಕ್ಕವೇ ಬೇರೆ, ನಯವಾಗಿ ಹಾಡುವುದರ ಲೆಕ್ಕವೇ ಬೇರೆ. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆದರೆ ಜಗಳ ಮುಗಿಯುವುದೇ ಇಲ್ಲ. ಅವನು ಚೆನ್ನಾಗಿ ಹಾಡುತ್ತಾನಾ ಅನ್ನುವ ಪ್ರಶ್ನೆ ಬಿಟ್ಟು, ಈ ಹಾಡಿಗೆ ಆ ದನಿ ಏನು ಮಾಡುತ್ತಿದೆ ಅಂತ ಕೇಳಿಕೊಂಡು ನೋಡಿ.

ಪದಗಳ ವಿಷಯ ಹೇಳಲೇಬೇಕು. ನಿಮ್ಮ ಪತ್ರದಲ್ಲಿ 'ಸ್ವರ ತಾಳದ ಗಂಧ ಇಲ್ಲ' ಎಂದು ಬರೆದಿದ್ದೀರಿ. ಬಹಳ ಜನ ಇದೇ ಕಾರಣಕ್ಕೆ ಇಂಗ್ಲಿಷ್ ವಿಮರ್ಶೆಯ ಪದಗಳನ್ನು ಕಡ ತರುತ್ತಾರೆ. ಡ್ರೀಮಿ, ಲಷ್, ರಾ. ಹತ್ತು ಆಲ್ಬಂಗೂ ಅದೇ ಮೂರು ಪದ. ಕನ್ನಡದಲ್ಲಿ ಸದ್ದಿಗೆ ಎಷ್ಟು ಮಾತಿವೆ ನೋಡಿ. ಗುಂಯ್ ಅನ್ನುವುದು ಬೇರೆ, ಗೊಯ್ ಅನ್ನುವುದು ಬೇರೆ. ಠಣ್ ಬೇರೆ, ಟಣಟಣ ಬೇರೆ, ಧೊಪ್ ಬೇರೆ. ಕರಕರ, ಪರಪರ, ಚುರುಚುರು, ಕಿರ್ರ್, ಬುಸ್. ಗಿಟಾರ್ ಡಿಸ್ಟಾರ್ಷನ್ (ಸದ್ದನ್ನು ಬೇಕೆಂದೇ ಒಡಕು ಮಾಡುವುದು) ಬಗ್ಗೆ ಒಂದು ಗಂಟೆ ಪಾಠ ಮಾಡುವ ಬದಲು 'ಹಪ್ಪಳ ಕರಿದ ಹಾಗೆ' ಎಂದ ಒಬ್ಬ ಡ್ರೈವರ್ ನನಗೆ ಗೊತ್ತು. ಅವನು ಹೇಳಿದ್ದು ವೆನ್ಸ್‌ಡೇ ಬ್ಯಾಂಡಿನ ಗಿಟಾರ್ ಬಗ್ಗೆ. ಅದಕ್ಕಿಂತ ಸರಿಯಾದ ವರ್ಣನೆಯನ್ನು ನಾನು ಯಾವ ಪತ್ರಿಕೆಯಲ್ಲೂ ಓದಿಲ್ಲ.

ಮನೆಯ ಕಿವಿಗೆ ಎಷ್ಟು ಗೊತ್ತಿರುತ್ತದೆ ಅನ್ನುವುದಕ್ಕೆ ನನ್ನದೇ ಒಂದು ಪೆಟ್ಟು ತಿಂದ ಕತೆ. ಬಿಗ್ ಥೀಫ್ ಬ್ಯಾಂಡಿನ 'ಡ್ರ್ಯಾಗನ್ ನ್ಯೂ ವಾರ್ಮ್ ಮೌಂಟನ್ ಐ ಬಿಲೀವ್ ಇನ್ ಯೂ' 2022ರ ಫೆಬ್ರುವರಿಯಲ್ಲಿ ಬಂತು. 20 ಹಾಡು, ನಾಲ್ಕು ಬೇರೆ ಬೇರೆ ಜಾಗದಲ್ಲಿ ರೆಕಾರ್ಡ್ ಮಾಡಿದ್ದು, ಪ್ರೊಡ್ಯೂಸ್ ಮಾಡಿದ್ದು ಅವರ ಡ್ರಮ್ಮರ್ ಜೇಮ್ಸ್ ಕ್ರಿವ್ಚೆನಿಯಾ. ಅದರಲ್ಲಿ 'ಸ್ಪಡ್ ಇನ್ಫಿನಿಟಿ' ಎಂಬ ಹಾಡಿನ ಉದ್ದಕ್ಕೂ ಬೊಯಿಂಯ್ ಬೊಯಿಂಯ್ ಎಂದು ಒಂದು ಸದ್ದು ಕುಣಿಯುತ್ತಿರುತ್ತದೆ. ಗೆಳೆಯನ ಮನೆಯಲ್ಲಿ ಕೂತು ನಾನು ದೊಡ್ಡ ಮನುಷ್ಯನ ಹಾಗೆ 'ಇದೊಂದು ಸಿಂಥ್, ಸ್ವಲ್ಪ ಜಾಸ್ತಿಯಾಯ್ತು' ಎಂದೆ. ಸಿಂಥ್ ಅಂದರೆ ಎಲೆಕ್ಟ್ರಾನಿಕ್ ಕೀಬೋರ್ಡ್. ಮೃದಂಗ ಕಲಿತಿದ್ದ ಅವನ ತಂದೆ ಪಕ್ಕದ ಕೋಣೆಯಿಂದಲೇ 'ಏ, ಮೋರ್ಸಿಂಗ್ ಕಣಯ್ಯ ಅದು' ಎಂದರು. ಹೌದು. ಹಾಡುವ ಏಡ್ರಿಯನ್ ಲೆಂಕರ್‌ಳ ತಮ್ಮ ನೋವಾ ಲೆಂಕರ್ ನುಡಿಸಿದ್ದು, ನಮ್ಮ ಮೋರ್ಸಿಂಗ್‌ನ ಜಾತಿಯದೇ ವಾದ್ಯ. ಆ ಹಿರಿಯರಿಗೆ ಇಂಡೀ ರಾಕ್ ಎಂದರೆ ಏನೆಂದೇ ತಿಳಿಯದು. ಹಾಡು ಮುಗಿಯುವ ತನಕ ಬಾಗಿಲಲ್ಲಿ ನಿಂತು ಕೇಳಿ, 'ಲಯ ಬಿಗಿ ಇಲ್ಲ, ಆದ್ರೆ ಖುಷಿಯಾಗಿ ನುಡಿಸ್ತಾನೆ' ಎಂದು ಒಳಗೆ ಹೋದರು. ಆ ಹಾಡಿನ ಮೇಲೆ ಒಂದು ವಾಕ್ಯದ ವಿಮರ್ಶೆ ಬೇಕಾದರೆ ಅದನ್ನೇ ಕೊಡುತ್ತೇನೆ.

ಟೊರೊಂಟೊದ ನಿಮ್ಮ ಗೆಳತಿಗೆ ಆಲ್ವೇಸ್ ಬ್ಯಾಂಡ್ ಖಂಡಿತ ಗೊತ್ತಿರುತ್ತದೆ, ಅವಳ ಊರಿನವರೇ. ಅವರ 'ಬ್ಲೂ ರೆವ್' (2022) ಆಲ್ಬಂನಲ್ಲಿ 'ಬೆಲಿಂಡಾ ಸೇಸ್' ಅಂತ ಒಂದು ಹಾಡಿದೆ. ಕೊನೆಯ ಕಡೆಗೆ ಇಡೀ ಹಾಡಿನ ಶ್ರುತಿಯೇ ಮೇಲಕ್ಕೆ ಜಿಗಿಯುತ್ತದೆ. ಕಲಿತವರು ಅದಕ್ಕೆ ಕೀ ಚೇಂಜ್ ಅನ್ನುತ್ತಾರೆ. ಕಲಿಯದವರು 'ಅಲ್ಲಿ ಏನೋ ಎದೆ ಎದ್ದು ನಿಂತ ಹಾಗಾಯ್ತು' ಅನ್ನುತ್ತಾರೆ. ಇಬ್ಬರೂ ಒಂದೇ ಜಾಗಕ್ಕೆ ಬೆರಳಿಟ್ಟಿದ್ದಾರೆ, ಅಲ್ವಾ?

ಇನ್ನು ವಿಮರ್ಶೆ, ಅಂಕಗಳ ಗೊಂದಲ. ಪಿಚ್‌ಫೋರ್ಕ್ ಎಂಬ ಅಮೆರಿಕದ ಸಂಗೀತ ವಿಮರ್ಶೆಯ ಜಾಲತಾಣ 1996ರಲ್ಲಿ ಶುರುವಾಗಿ ಈ ಲೋಕಕ್ಕೆ ಒಂದು ಚಟ ಹತ್ತಿಸಿದೆ. ಹತ್ತಕ್ಕೆ ಇಷ್ಟು, ಅದೂ ಬಿಂದು ಹಾಕಿ. 7.8ಕ್ಕೂ 8.1ಕ್ಕೂ ಏನು ವ್ಯತ್ಯಾಸ ಅಂತ ಕೇಳಿದರೆ ಯಾರೂ ಹೇಳಲಾರರು. ಆದರೂ 8.1 ಬಂದದ್ದನ್ನು ಮೊದಲು ಕೇಳುತ್ತೇವೆ. ನಾನೂ ಕೇಳುತ್ತೇನೆ. 2024ರ ಜನವರಿಯಲ್ಲಿ ಮಾಲೀಕ ಸಂಸ್ಥೆ ಅದನ್ನು ಜಿಕ್ಯೂ ಎಂಬ ಗಂಡಸರ ಫ್ಯಾಷನ್ ಪತ್ರಿಕೆಯ ಅಡಿಗೆ ಸೇರಿಸುತ್ತೇವೆ ಎಂದಾಗ ಅಂಕಗಳ ಕಾಲ ಮುಗಿಯಿತು ಎಂದು ಎಷ್ಟೋ ಜನ ಬರೆದರು. ಮೂರು ತಿಂಗಳು ಕಳೆಯುವುದರೊಳಗೆ ಸಿಂಡಿ ಲೀಯ 'ಡೈಮಂಡ್ ಜುಬಿಲಿ' ಬಂತು. ಅದಕ್ಕೆ ಪಿಚ್‌ಫೋರ್ಕ್ 9.1 ಕೊಟ್ಟಿತು. ಮತ್ತೆ ಎಲ್ಲರೂ ಆ ಸಂಖ್ಯೆಯ ಹಿಂದೆಯೇ ಓಡಿದರು.

ಈ ಆಲ್ಬಂ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಯಾಕೆಂದರೆ ನನ್ನ ಅಭಿಪ್ರಾಯ ಪೂರ್ತಿ ಮಗುಚಿ ಬಿದ್ದದ್ದು ಇಲ್ಲೇ. ಸಿಂಡಿ ಲೀ ಅಂದರೆ ಕೆನಡಾದ ಪ್ಯಾಟ್ರಿಕ್ ಫ್ಲೆಗಲ್. ಮೊದಲು ವಿಮೆನ್ ಎಂಬ ಬ್ಯಾಂಡಿನಲ್ಲಿದ್ದವರು. 32 ಹಾಡು, ಎರಡು ಗಂಟೆ. 2024ರ ಮಾರ್ಚ್ 29ಕ್ಕೆ ಬಿಡುಗಡೆಯಾದಾಗ ಸ್ಪಾಟಿಫೈನಲ್ಲಿ ಇರಲಿಲ್ಲ. ಯೂಟ್ಯೂಬ್‌ನಲ್ಲಿ ಒಂದೇ ಉದ್ದ ವಿಡಿಯೊ, ಇಲ್ಲವಾದರೆ ತೊಂಬತ್ತರ ದಶಕದ ಥರದ ಒಂದು ಹಳೇ ಜಿಯೋಸಿಟೀಸ್ ವೆಬ್ ಪುಟದಿಂದ ಫೈಲ್ ಇಳಿಸಿಕೊಳ್ಳಬೇಕು, ಇಷ್ಟವಿದ್ದರೆ 30 ಕೆನಡಾ ಡಾಲರ್ ಕೊಡಿ ಎಂದಿತ್ತು. ನಾನು ಕೆಲಸ ಮಾಡುತ್ತಾ ಮೊಬೈಲ್ ಸ್ಪೀಕರಿನಲ್ಲಿ ಹಾಕಿದೆ. ಪಕ್ಕದ ಮನೆಯಲ್ಲಿ ಯಾರೋ ಹಳೇ ರೇಡಿಯೊ ಹಚ್ಚಿಟ್ಟು ಮರೆತ ಹಾಗಿತ್ತು. ದನಿ ಎಲ್ಲೋ ದೂರ, ಗಿಟಾರ್ ಮಸುಕು, ಡ್ರಮ್ಸ್ ರಟ್ಟಿನ ಡಬ್ಬಿ. ಸೌಂಡ್ ಕೆಲಸದವನಲ್ಲವೇ, ಮೂಗು ಮುರಿದೆ. 'ಇದನ್ನ ಯಾರಾದರೂ ಮಿಕ್ಸ್ ಮಾಡಿದ್ದಾರಾ?' ಎಂದು ಗೆಳೆಯರಿಗೆ ಮೆಸೇಜ್ ಹಾಕಿದೆ.

ಎರಡು ತಿಂಗಳ ಮೇಲೆ ಹಾಸನದಲ್ಲಿ ಕಾರ್ಯಕ್ರಮ ಮುಗಿಸಿ ರಾತ್ರಿ ಟೆಂಪೋ ಟ್ರಾವೆಲರ್‌ನಲ್ಲಿ ವಾಪಸ್ ಬರುತ್ತಿದ್ದೆವು. ಹುಡುಗರೆಲ್ಲ ಸಾಮಾನಿನ ಮೇಲೆಯೇ ತಲೆಯಿಟ್ಟು ಮಲಗಿದ್ದರು. ನಾನು ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಅದೇ ಆಲ್ಬಂ ಮೊದಲಿನಿಂದ ಹಚ್ಚಿದೆ. ಚನ್ನರಾಯಪಟ್ಟಣ ದಾಟುವಾಗ ಗೊತ್ತಾಯಿತು, ಆ ಮಸುಕು ಕೆಟ್ಟ ಕೆಲಸ ಅಲ್ಲ, ಬೇಕೆಂದೇ ಹಾಗೆ ಬಿಟ್ಟದ್ದು. ಅರವತ್ತರ ದಶಕದ ಅಮೆರಿಕದ ಹುಡುಗಿಯರ ಗುಂಪುಗಳ ಹಾಡು ಯಾರದೋ ನೆನಪಿನಲ್ಲಿ ಅರ್ಧ ಅಳಿಸಿ ಉಳಿದ ಹಾಗೆ. ಎರಡು ಗಂಟೆಯ ಉದ್ದವೂ ರಸ್ತೆಗೆ ಸರಿಯಾಗಿ ಹೊಂದಿತು. ನೆಲಮಂಗಲ ಬರುವ ಹೊತ್ತಿಗೆ ನಾನು ಹಾಕಿದ ಮೆಸೇಜ್ ನೆನಪಾಗಿ ನಾಚಿಕೆಯಾಯಿತು. ಮರುದಿನ ಗುಂಪಿನಲ್ಲಿ 'ತಪ್ಪಾಯ್ತು' ಎಂದು ಬರೆದೆ. ಆದರೂ ಒಂದು ತಕರಾರು ಈಗಲೂ ಇದೆ. 32ರಲ್ಲಿ ಐದಾರು ಹಾಡು ತೆಗೆದಿದ್ದರೆ ದ್ವಿತೀಯಾರ್ಧ ಇಷ್ಟು ಎಳೆಯುತ್ತಿರಲಿಲ್ಲ. 9.1 ಇರಲಿ, 10 ಇರಲಿ, ಆ ತಕರಾರನ್ನು ನಾನು ಬಿಟ್ಟುಕೊಡುವುದಿಲ್ಲ.

ಇದರಿಂದ ನಿಮ್ಮ ಕೆಲಸಕ್ಕೆ ಬರುವ ಸಂಗತಿ ಏನೆಂದರೆ, ಯಾವುದರಲ್ಲಿ ಕೇಳಿದಿರಿ ಅನ್ನುವುದೂ ಅಭಿಪ್ರಾಯದ ಭಾಗ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿಯ ಸ್ವರ ಸುಮಾರು 41 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟೇ ಕಂಪನ. ಮೊಬೈಲಿನ ಪುಟ್ಟ ಸ್ಪೀಕರ್ ಅದನ್ನು ನುಡಿಸುವುದೇ ಇಲ್ಲ. ಅಂದರೆ ಮೊಬೈಲಿನಲ್ಲಿ ಕೇಳಿ 'ಬೇಸ್ ಡಲ್ ಆಗಿದೆ' ಅನ್ನುವವನು ಬ್ಯಾಂಡನ್ನಲ್ಲ, ತನ್ನ ಫೋನನ್ನು ವಿಮರ್ಶೆ ಮಾಡುತ್ತಿದ್ದಾನೆ. ಇನ್ನೊಂದು ಮೋಸ ವಾಲ್ಯೂಮಿನದು. ಎರಡು ಆಲ್ಬಂ ಹೋಲಿಸುವಾಗ ಸ್ವಲ್ಪ ಜೋರಾಗಿ ಇರುವುದೇ ಒಳ್ಳೆಯದು ಅಂತ ಕಿವಿ ತೀರ್ಪು ಕೊಟ್ಟುಬಿಡುತ್ತದೆ. 22 ವರ್ಷ ಆದಮೇಲೂ ನನ್ನ ಕಿವಿ ಈ ಮೋಸಕ್ಕೆ ಬೀಳುತ್ತದೆ. ಹೋಲಿಸುವ ಮೊದಲು ಎರಡನ್ನೂ ಒಂದೇ ಮಟ್ಟಕ್ಕೆ ತನ್ನಿ, ಸಾಕು.

ವಿಮರ್ಶೆ ಓದಬೇಡಿ ಅಂತ ಹೇಳುವುದಿಲ್ಲ. ಆಮೇಲೆ ಓದಿ. ಮೊದಲ ಸಲ ಪೂರ್ತಿ ಕೇಳಿ ಮುಗಿದ ಕೂಡಲೇ ಫೋನಿನ ನೋಟ್ಸ್‌ನಲ್ಲಿ ಎರಡು ಸಾಲು ಬರೆದಿಡಿ. ಒಂದು ಇಷ್ಟವಾದ ಜಾಗ, ಒಂದು ಕಿರಿಕಿರಿ ಮಾಡಿದ ಜಾಗ, ನಿಮಿಷದ ಸಮೇತ. ಎರಡು ಮೂರು ದಿನ ಬಿಟ್ಟು ಮತ್ತೊಮ್ಮೆ ಕೇಳಿ. ಈ ಸಲ ಸಾಹಿತ್ಯ ಮುಂದಿಟ್ಟುಕೊಂಡರೂ ಸರಿ, ಇಲ್ಲ ಡ್ರಮ್ಸ್ ಒಂದನ್ನೇ ಹಿಂಬಾಲಿಸಿದರೂ ಸರಿ. ಆಮೇಲೆ ವಿಮರ್ಶೆ ಓದಿದರೆ ನಿಮ್ಮದೆಷ್ಟು, ಅವರದೆಷ್ಟು ಅನ್ನುವ ಗೊಂದಲ ಇರುವುದಿಲ್ಲ. ನಿಮ್ಮದು ಆಗಲೇ ಬರೆದಿಟ್ಟಾಗಿದೆಯಲ್ಲ.

ಅಂಕಕ್ಕಿಂತ ಜಾಸ್ತಿ ದಾರಿ ತಪ್ಪಿಸುವುದು ಆಲ್ಬಂ ಸುತ್ತಲಿನ ಕತೆ. ಇಂಗ್ಲೆಂಡಿನ ಬ್ಲ್ಯಾಕ್ ಕಂಟ್ರಿ, ನ್ಯೂ ರೋಡ್ ಬ್ಯಾಂಡಿನ 'ಆ್ಯಂಟ್ಸ್ ಫ್ರಮ್ ಅಪ್ ದೇರ್' 2022ರ ಫೆಬ್ರುವರಿ 4ಕ್ಕೆ ಬಂತು. ಅದಕ್ಕೆ ನಾಲ್ಕೇ ದಿನ ಮೊದಲು ಹಾಡುಗಾರ ಐಸಾಕ್ ವುಡ್ ಬ್ಯಾಂಡ್ ಬಿಡುತ್ತಿದ್ದೇನೆ ಎಂದು ತಿಳಿಸಿದ. ಎಲ್ಲರೂ ಅದನ್ನು ವಿದಾಯದ ಆಲ್ಬಂ ಎಂದೇ ಕೇಳಿದರು. ಪ್ರತಿ ಸಾಲಿನಲ್ಲೂ ಬೀಳ್ಕೊಡುಗೆ ಕಂಡರು. ಆದರೆ ರೆಕಾರ್ಡ್ ಆಗಿದ್ದು ಅದರ ಹಿಂದಿನ ಬೇಸಿಗೆಯಲ್ಲಿ, ಐಲ್ ಆಫ್ ವೈಟ್ ದ್ವೀಪದಲ್ಲಿ, ಎಲ್ಲರೂ ಒಟ್ಟಿಗಿದ್ದಾಗ. ಆ ದುಃಖ ಹಾಡಿನಲ್ಲಿದೆಯಾ, ಸುದ್ದಿಯಲ್ಲಿದೆಯಾ? ನನಗೆ 12 ನಿಮಿಷದ ಕೊನೆಯ ಹಾಡು 'ಬಾಸ್ಕೆಟ್‌ಬಾಲ್ ಶೂಸ್' ಕೇಳುವಾಗ ಹಾಡಿನಲ್ಲೇ ಇದೆ ಅನ್ನಿಸುತ್ತದೆ, ಬೇರೆ ಕೆಲವು ಹಾಡುಗಳಲ್ಲಿ ನಾವೇ ಸೇರಿಸಿಕೊಂಡದ್ದು ಅನ್ನಿಸುತ್ತದೆ. ಆಮೇಲೆ ಉಳಿದ ಆರು ಜನ ಆ ಹಳೇ ಹಾಡುಗಳನ್ನು ನುಡಿಸದೆ ಹೊಸದು ಬರೆದರು. 2025ರ 'ಫಾರೆವರ್ ಹೌಲಾಂಗ್'ನಲ್ಲಿ ಮೂವರು ಹೆಣ್ಣುಮಕ್ಕಳು ಹಂಚಿಕೊಂಡು ಹಾಡಿದ್ದಾರೆ. ಎರಡನ್ನೂ ಒಂದರ ಹಿಂದೆ ಒಂದು ಇಟ್ಟುಕೊಂಡರೆ ನಿಮ್ಮ ಗುಂಪಿಗೆ ಒಂದು ಭಾನುವಾರ ಸಾಲುವುದಿಲ್ಲ. ನನ್ನ ಮತ ಎರಡನೆಯದಕ್ಕೆ ಅಲ್ಲ. ಚೆನ್ನಾಗಿ ಹೆಣೆದಿದ್ದಾರೆ, ಆದರೆ ಬೀಳುತ್ತೇನೇನೋ ಅನ್ನುವ ಭಯ ಅದರಲ್ಲಿಲ್ಲ.

ಹಾಗೇ 'ಬ್ಲೂ ರೆವ್' ಬಗ್ಗೆ ಬರೆದವರೆಲ್ಲ ಆಲ್ವೇಸ್ ಬ್ಯಾಂಡಿನ ಗಾಯಕಿ ಮಾಲಿ ರ‍್ಯಾಂಕಿನ್ ಮನೆಯಿಂದ ಡೆಮೊ (ಹಾಡುಗಳ ಕರಡು) ರೆಕಾರ್ಡಿಂಗ್ ಕಳುವಾದದ್ದು, ಮರುದಿನವೇ ಬೇಸ್‌ಮೆಂಟಿಗೆ ನೀರು ನುಗ್ಗಿದ್ದು ಎಲ್ಲ ಬರೆದರು. ಒಳ್ಳೆಯ ಕತೆ. ಆದರೆ ಕಿವಿಗೆ ಬೀಳುವ ಸಂಗತಿ ಅಲ್ಲ.

ಇನ್ನು ನಿಮ್ಮ ವಿಡಿಯೊ ಕಾಲ್. ಒಂದು ವಿಷಯ ಇವತ್ತೇ ಬದಲಿಸಿ. ಕಾಲ್‌ನಲ್ಲಿ ಹಾಡು ಹಾಕಿ ತೋರಿಸಬೇಡಿ. ಆ ಆ್ಯಪ್‌ಗಳು ಮನುಷ್ಯರ ಮಾತಿಗಾಗಿ ಮಾಡಿದಂಥವು. ಹಿನ್ನೆಲೆಯ ಗದ್ದಲ ಅಳಿಸುವ ಭರದಲ್ಲಿ ಸಂಗೀತವನ್ನೂ ಗದ್ದಲ ಅಂದುಕೊಂಡು ಕತ್ತರಿಸುತ್ತವೆ. ಎಳೆದು ನಿಲ್ಲುವ ಗಿಟಾರ್ ಬಂದರಂತೂ ಫ್ಯಾನ್ ಸದ್ದು ಅಂದುಕೊಂಡು ಒರೆಸಿಬಿಡುತ್ತವೆ. ಅದರ ಬದಲು 'ಎರಡನೇ ಹಾಡು, ಐದನೇ ನಿಮಿಷಕ್ಕೆ ಹೋಗಿ' ಎನ್ನಿ, ಮೈಕ್ ಮುಚ್ಚಿ ಆರೂ ಜನ ತಂತಮ್ಮ ಕಡೆ ಒಂದು ನಿಮಿಷ ಕೇಳಿ, ಆಮೇಲೆ ಮಾತಾಡಿ. ಮತ್ತೆ, ಎಲ್ಲರೂ ತಮ್ಮ ಎರಡು ಸಾಲನ್ನು ಕಾಲ್‌ಗೆ ಮೊದಲೇ ಗುಂಪಿಗೆ ಕಳಿಸಲಿ. ಮೊದಲು ಮಾತಾಡಿದವನು ಜೋರಾಗಿ ಹೊಗಳಿದರೆ ಆಮೇಲಿನವರು ಅರ್ಧಕ್ಕರ್ಧ ಅವನ ದಾರಿ ಹಿಡಿಯುತ್ತಾರೆ. ನಿಮ್ಮ ಐದೂ ಜನ ನಿಜಕ್ಕೂ ಅಷ್ಟು ಇಷ್ಟಪಟ್ಟಿದ್ದರು ಅಂತ ನನಗೆ ಖಾತ್ರಿಯಿಲ್ಲ.

'ನಿಂಗೆ ಅರ್ಥ ಆಗಿಲ್ಲ' ಅಂದವನಿಗೆ ಸಿಟ್ಟಾಗಬೇಡಿ. 'ಸರಿ ಮಾರಾಯ, ನಿಂಗೆ ಅರ್ಥ ಆಗಿದ್ದು ಎಲ್ಲಿ ಅಂತ ತೋರಿಸು, ಅಲ್ಲೇ ಕೇಳೋಣ' ಎನ್ನಿ. ನಿಜವಾಗಿ ಇಷ್ಟಪಟ್ಟವನಾದರೆ ಖುಷಿಯಿಂದ ತೋರಿಸುತ್ತಾನೆ, ನಿಮಗೂ ಏನಾದರೂ ಹೊಸದು ಸಿಗುತ್ತದೆ. ಸುಮ್ನೆ ಹೇಳಿದವನಾದರೆ ತಡವರಿಸುತ್ತಾನೆ. ಎರಡರಲ್ಲಿ ಯಾವುದಾದರೂ ನಿಮಗೆ ಲಾಭವೇ.

ಮುಂದಿನ ತಿಂಗಳುಗಳಿಗೆ ಯಾವುದು ಅಂದಿರಿ. ಎಲ್ಲರೂ ಒಪ್ಪುವ ಆಲ್ಬಂ ಆರಿಸಿದರೆ ಹತ್ತು ನಿಮಿಷಕ್ಕೆ ಮಾತು ಮುಗಿದುಹೋಗುತ್ತದೆ. ಜಗಳಕ್ಕೆ ಜಾಗ ಇರುವಂಥದ್ದು ಬೇಕು.

ವೆನ್ಸ್‌ಡೇಯ 'ರ‍್ಯಾಟ್ ಸಾ ಗಾಡ್' (2023) ನನ್ನ ಮೊದಲ ಆಯ್ಕೆ. ನಾರ್ತ್ ಕ್ಯಾರೊಲಿನಾದ ಆ್ಯಶ್‌ವಿಲ್ ಊರಿನ ಬ್ಯಾಂಡ್. ಒಂದು ಕಡೆ ಹಪ್ಪಳ ಕರಿಯುವ ಗಿಟಾರ್, ಇನ್ನೊಂದು ಕಡೆ ಹಳ್ಳಿಗಾಡಿನ ಕಂಟ್ರಿ ಹಾಡುಗಳ ಸ್ಟೀಲ್ ಗಿಟಾರ್ ಅಳುತ್ತಾ ಜಾರುತ್ತಿರುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವ ಆ ಗುಣ ನಮ್ಮ ಕಿವಿಗೆ ಬೇಗ ಹತ್ತಿರವಾಗುತ್ತದೆ. ಎರಡನೇ ಹಾಡು 'ಬುಲ್ ಬಿಲೀವರ್' ಎಂಟು ನಿಮಿಷಕ್ಕೂ ಉದ್ದ. ಕೊನೆಯಲ್ಲಿ ಗಾಯಕಿ ಕಾರ್ಲಿ ಹಾರ್ಟ್ಜ್‌ಮನ್ 'ಮಾರ್ಟಲ್ ಕಾಂಬ್ಯಾಟ್' ವಿಡಿಯೊ ಗೇಮಿನ 'ಅವನನ್ನು ಮುಗಿಸು' ಅನ್ನುವ ಮಾತನ್ನು ಹಿಡಿದುಕೊಂಡು ಗಂಟಲು ಹರಿಯುವ ತನಕ ಕಿರುಚುತ್ತಾಳೆ. ದನಿ ಸಹಿಸೋಕಾಗಲ್ಲ ಅಂದವರು ನೀವು. ಗೀಸ್‌ನ ಕಿರುಚಾಟಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಯೋಚಿಸಿ. ನನಗೆ ಅನ್ನಿಸುವುದು, ವಿಂಟರ್ ಕಿರುಚುವಾಗ ಅರ್ಧ ನಗುತ್ತಿದ್ದಾನೆ, ಹಾರ್ಟ್ಜ್‌ಮನ್ ನಗುತ್ತಿಲ್ಲ.

ಅದೇ ಬ್ಯಾಂಡಿನ ಆಲ್ಬಂಗಳಲ್ಲಿ ಗಿಟಾರ್ ನುಡಿಸಿರುವ ಎಂಜೆ ಲೆಂಡರ್‌ಮನ್‌ನ 'ಮ್ಯಾನಿಂಗ್ ಫೈರ್‌ವರ್ಕ್ಸ್' (2024) ಇನ್ನೊಂದು. ಒಂಬತ್ತೇ ಹಾಡು. ಎಂಟು ಹಾಡು ಆರಾಮಾಗಿ, ಸೋತವರ ನಗೆಯ ಹಾಗೆ ಹೋಗುತ್ತವೆ. ಕೊನೆಯದು 'ಬಾರ್ಕ್ ಅಟ್ ದಿ ಮೂನ್' ಹತ್ತು ನಿಮಿಷ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಗುಂಯ್ ಎನ್ನುವ ಒಂದೇ ಸದ್ದು. ಬೇಕಿತ್ತಾ ಅದು? ತಂಬೂರಿ ಕೇಳಿ ಬೆಳೆದವನಾದರೂ ನನಗೆ ಬೇಡವಾಗಿತ್ತು. ನಿಮ್ಮ ಗುಂಪಿನಲ್ಲಿ ಒಬ್ಬರಾದರೂ ಅದೇ ಇಡೀ ಆಲ್ಬಂನ ಜೀವ ಅನ್ನುತ್ತಾರೆ, ನೋಡಿ ಬೇಕಾದರೆ.

ಡಬ್ಲಿನ್ ಗೆಳೆಯನಿಗೆ ಅವನ ಊರಿನ ಫಾಂಟೇನ್ಸ್ ಡಿ.ಸಿ. ಬ್ಯಾಂಡಿನ 'ರೊಮ್ಯಾನ್ಸ್' (2024) ಆರಿಸಲು ಹೇಳಿ. 'ಸ್ಟಾರ್‌ಬರ್ಸ್ಟರ್' ಹಾಡಿನಲ್ಲಿ ಗಾಯಕ ಗ್ರಿಯನ್ ಚ್ಯಾಟನ್ ಪದೇ ಪದೇ ಹಾ ಎಂದು ಉಸಿರು ಒಳಗೆಳೆದುಕೊಳ್ಳುವ ಸದ್ದಿದೆ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ರೈಲು ನಿಲ್ದಾಣದಲ್ಲಿ ಅವನಿಗೆ ಬಂದ ಪ್ಯಾನಿಕ್ ಅಟ್ಯಾಕ್‌ನಿಂದ ಹುಟ್ಟಿದ ಹಾಡು. ಈ ಕತೆಯನ್ನು ಮಾತ್ರ ಅಡಗಿಸಿಡಿ, ಉಳಿದವರಿಗೆ ಕೇಳಿದ ಮೇಲೆ ಹೇಳಿ. ಕತೆ ಗೊತ್ತಿಲ್ಲದೆ ಆ ಉಸಿರು ಏನು ಮಾಡಿತು ಅಂತ ಮೊದಲು ತಿಳಿಯಲಿ.

ನಮ್ಮ ದೇಶದ್ದೊಂದು ಬೇಕಾದರೆ ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿಯ 'ಬೀಟಾ' (2024) ಇದೆ. ಹೆಸರು ನೋಡಿ ಕಂಪನಿ ಅಂದುಕೊಳ್ಳಬೇಡಿ, ಬ್ಯಾಂಡೇ. ಅಮೆರಿಕದ ಗಾಯಕಿ ವಾಕ್ಸಹಾಚಿಯ 'ಟೈಗರ್ಸ್ ಬ್ಲಡ್' (2024) ತುಂಬಾ ಒಳ್ಳೆಯ ಆಲ್ಬಂ, ಆದರೆ ಅದನ್ನು ಯಾರೂ ಬೈಯುವುದಿಲ್ಲ, ಹಾಗಾಗಿ ನಿಮ್ಮ ಗುಂಪಿಗಲ್ಲ. ಅಡುಗೆ ಮಾಡುವಾಗ ಕೇಳಿಕೊಳ್ಳಿ.

ಕೊನೆಗೆ, ಈ ಭಾನುವಾರಕ್ಕೆ ಮೊದಲು ಒಂದು ಸಲ 'ಟ್ಯಾಕ್ಸಸ್' ಮಾತ್ರ ಹೆಡ್‌ಫೋನ್‌ನಲ್ಲಿ ಕೇಳಿ. ಆಲ್ಬಂ ಪೂರ್ತಿ ಬೇಡ. ಗಿಟಾರ್ ನುಗ್ಗುವ ಕ್ಷಣಕ್ಕೆ ನಿಲ್ಲಿಸಿ, ಸಮಯ ಬರೆದುಕೊಳ್ಳಿ. ಅಲ್ಲಿಂದ ಮುಂದೆಯೂ ಆ ದನಿ ಸಹಿಸೋಕೆ ಆಗದಿದ್ದರೆ ಅದನ್ನೇ ಗುಂಪಿಗೆ ಕಳಿಸಿ, ಆ ಸಮಯದ ಸಮೇತ. ನನಗೂ ಒಂದು ಪ್ರತಿ ಕಳಿಸಿದರೆ ಸಂತೋಷ. ನನ್ನ ಹೆಂಡತಿಗೆ ತೋರಿಸಬೇಕು.